28 ನಿಮಿಷದ ರೇಡಿಯೋ ನಾಟಕಕ್ಕೆ ವಿಜ್ಞಾನದ ಸಿನಿಮಾ: ಯಾವುದು, ಹೇಗೆ?

ಬಾರಾಕಮಾನ್, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾವು ಐದಾರು ಜನ ಸೇರಿ ರೇಡಿಯೋ ನಾಟಕ ಮಾಡುತ್ತೇವೆ. ಹೋದ ವರ್ಷ ಎರಡು ಹಾಸ್ಯ ನಾಟಕ ಮಾಡಿದ್ದೆವು. ಈ ಸಲ ಸಮುದಾಯ ರೇಡಿಯೋದವರು "ವಿಜ್ಞಾನದ್ದು ಏನಾದರೂ ಮಾಡಿ, ಮಕ್ಕಳೂ ಕೇಳಬೇಕು" ಎಂದಿದ್ದಾರೆ. ಅರ್ಧ ಗಂಟೆಯ ಜಾಗ. ಶುರುವಿನ ಘೋಷಣೆ, ಕೊನೆಯ ಹೆಸರುಗಳನ್ನು ಬಿಟ್ಟರೆ 28 ನಿಮಿಷ ಕೈಗೆ ಸಿಗುತ್ತದೆ.

ನನ್ನ ತಲೆಯಲ್ಲಿ ಇರುವುದು 1951ರ 'ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್'. ವಾಷಿಂಗ್ಟನ್‌ನಲ್ಲಿ ಹಾರುವ ತಟ್ಟೆ ಇಳಿಯುತ್ತದೆ. ಒಳಗಿಂದ ನಮ್ಮಂಥವನೇ ಒಬ್ಬ ಬರುತ್ತಾನೆ. ಅವನ ಹಿಂದೆ ಮಾತಾಡದ ದೊಡ್ಡ ರೋಬೋ. ಮೊದಲ ಕರಡು ಬರೆದಾಗಿದೆ, 51 ಪುಟ ಆಯಿತು. ನಮ್ಮ ಲೆಕ್ಕದಲ್ಲಿ ಪುಟಕ್ಕೆ ಒಂದು ನಿಮಿಷ. ಕತ್ತರಿ ಎಲ್ಲಿ ಹಾಕಬೇಕು ಅಂತ ತಿಳಿಯುತ್ತಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನನ್ನ ಪಾತ್ರಗಳೆಲ್ಲ "ಅಯ್ಯೋ ನೋಡು, ತಟ್ಟೆಯ ಬಾಗಿಲು ತೆರೆಯುತ್ತಿದೆ! ಬೆಳ್ಳಿ ಬಣ್ಣದ ಬಟ್ಟೆ ತೊಟ್ಟವನೊಬ್ಬ ಇಳಿಯುತ್ತಿದ್ದಾನೆ!" ಎಂದು ಒದರುತ್ತವೆ. ನನ್ನ ಹೆಂಡತಿ ಓದಿ, "ಕಣ್ಣಿದ್ದವರು ಯಾರಾದರೂ ಹೀಗೆ ಮಾತಾಡುತ್ತಾರಾ ರೀ?" ಎಂದಳು. ಅಲ್ಲಿಗೆ ಪೆನ್ನು ನಿಂತಿತು.

ಕುಂದಾಪ್ರಿಯೆ, ಬೆಳಗಾವಿ

ಸರ್, ನಾನು ಆಡಿಯೋ ಎಡಿಟಿಂಗ್ ಕೆಲಸ ಮಾಡುತ್ತೇನೆ. ನಿಮ್ಮ ಹೆಂಡತಿ ಸರಿಯಾದ ಕಡೆ ಕೈ ಇಟ್ಟಿದ್ದಾರೆ.

ಈ ಸಿನಿಮಾ ರೇಡಿಯೋಗೆ ಬಂದಿದೆ. ಅಮೆರಿಕದಲ್ಲಿ ಸೋಪಿನ ಕಂಪನಿಯ ಹಣದಲ್ಲಿ ನಡೆಯುತ್ತಿದ್ದ 'ಲಕ್ಸ್ ರೇಡಿಯೋ ಥಿಯೇಟರ್' ಅಂತ ಒಂದು ಕಾರ್ಯಕ್ರಮ ಇತ್ತು. ಸಿನಿಮಾಗಳನ್ನು ಒಂದು ಗಂಟೆಯ ನಾಟಕ ಮಾಡುತ್ತಿದ್ದರು. 1954ರ ಜನವರಿ 4ರಂದು ಇದೂ ಬಂತು. ನಾಯಕ ಮೈಕಲ್ ರೆನಿ ತಾನೇ ಬಂದು ದನಿ ಕೊಟ್ಟ. ಅವರಿಗೂ ಒಂದು ಗಂಟೆ ಬೇಕಾಯಿತು. ನಿಮಗಿರುವುದು ಅದರ ಅರ್ಧ.

"ನೋಡು ನೋಡು" ರೋಗಕ್ಕೆ ಔಷಧ ಕಂಡುಕೊಂಡವರು ಇನ್ನೂ ಹಿಂದಿನವರು. 1938ರ ಅಕ್ಟೋಬರ್ 30, ಆರ್ಸನ್ ವೆಲ್ಸ್ ತಂಡದ 'ದಿ ವಾರ್ ಆಫ್ ದಿ ವರ್ಲ್ಡ್ಸ್'. ಎಚ್.ಜಿ. ವೆಲ್ಸ್ 1898ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಅವರು ವಾರ್ತೆಯ ರೂಪಕ್ಕೆ ತಿರುಗಿಸಿದರು. ವರದಿಗಾರ ಹೊಲದಲ್ಲಿ ನಿಂತು ಮಂಗಳ ಗ್ರಹದವರು ಹೊರಗೆ ಬರುವುದನ್ನು ಹೇಳುತ್ತಾ ಹೋಗುತ್ತಾನೆ. ಕಂಡದ್ದನ್ನು ಹೇಳುವುದೇ ಅವನ ಸಂಬಳದ ಕೆಲಸ, ಹಾಗಾಗಿ ಯಾರಿಗೂ ಕೃತಕ ಅನಿಸುವುದಿಲ್ಲ. ಮಾತಿನ ನಡುವೆಯೇ ಅವನ ಮೈಕ್ ಸತ್ತು ಹೋಗುತ್ತದೆ. ಕೆಲವು ಸೆಕೆಂಡ್ ಪೂರ್ತಿ ಮೌನ. ಇಡೀ ನಾಟಕದಲ್ಲಿ ಹೆದರಿಕೆ ಹುಟ್ಟುವುದು ಅಲ್ಲಿ.

ಆ ರಾತ್ರಿ ಇಡೀ ದೇಶ ಬೀದಿಗೆ ಓಡಿತು ಅಂತ ಹೇಳುವುದು ಮಾತ್ರ ಜಾಸ್ತಿ ಆಯಿತು. ಪತ್ರಿಕೆಗಳು ಉಬ್ಬಿಸಿದವು ಅಂತ ಆಮೇಲೆ ಅಧ್ಯಯನ ಮಾಡಿದವರು ತೋರಿಸಿದ್ದಾರೆ.

ವಕೀಲರ ಓಣಿ, ಬಾಗಲಕೋಟೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಹಕ್ಕು ಯಾರ ಹತ್ತಿರ ಇದೆ ಅಂತ ನೋಡಿದ್ದೀರಾ?

ನಮ್ಮ ಕಾಯಿದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1951ರದ್ದು ಮುಗಿಯಿತಲ್ಲ ಎಂದು ಎಲ್ಲರೂ ಇಲ್ಲೇ ಮೋಸ ಹೋಗುತ್ತಾರೆ. ಸಿನಿಮಾ ಬೇರೆ, ಅದರ ಕೆಳಗಿನ ಕಥೆ ಬೇರೆ. ಅದು ಹ್ಯಾರಿ ಬೇಟ್ಸ್ 1940ರಲ್ಲಿ ಬರೆದ ಕಥೆಯಿಂದ ಮಾಡಿದ್ದು. ಬೇಟ್ಸ್ ತೀರಿಕೊಂಡಿದ್ದು 1981ರಲ್ಲಿ. ಬರಹಗಾರರು ತೀರಿದ ಮೇಲೂ 60 ವರ್ಷ ಹಕ್ಕು ನಡೆಯುತ್ತದೆ. ಚಿತ್ರಕಥೆಗೆ ಇನ್ನೊಬ್ಬರ ಹೆಸರಿದೆ, ಅದರ ಲೆಕ್ಕ ಮತ್ತೆ ಬೇರೆ. ಸುಮ್ನೆ ಪ್ರಸಾರ ಮಾಡಿದರೆ ನಿಮಗಿಂತ ಮೊದಲು ಆ ಸಮುದಾಯ ರೇಡಿಯೋದವರು ಸಿಕ್ಕಿಬೀಳುತ್ತಾರೆ.

ಬಾರಾಕಮಾನ್, ವಿಜಯಪುರ

51 ಪುಟ ರದ್ದಿಗೆ ಹೋಯಿತು. ರದ್ದಿಯವನೂ ಕೆಜಿಗೆ ಎಷ್ಟು ಕೊಡುತ್ತಾನೋ.

ವಕೀಲರ ಓಣಿ, ಬಾಗಲಕೋಟೆ

ಬೇಸರ ಬೇಡ ಮೇಷ್ಟ್ರೇ. ಹಕ್ಕಿನ ಅವಧಿ ಪೂರ್ತಿ ಮುಗಿದ ಸಿನಿಮಾ ಒಂದಿದೆ. 1902ರ 'ಎ ಟ್ರಿಪ್ ಟು ದಿ ಮೂನ್', ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಮಾಡಿದ್ದು. ಅವನು ತೀರಿಕೊಂಡಿದ್ದು 1938ರಲ್ಲಿ. ಅದಕ್ಕೆ ಸ್ಫೂರ್ತಿ ಕೊಟ್ಟ ಜೂಲ್ಸ್ ವರ್ನ್, ಎಚ್.ಜಿ. ವೆಲ್ಸ್ ಇಬ್ಬರ ಅವಧಿಯೂ ಮುಗಿದಿದೆ. ಒಂದು ಎಚ್ಚರಿಕೆ: ಯೂಟ್ಯೂಬಿನ ಪ್ರತಿಗಳಲ್ಲಿ ಕೇಳಿಸುವ ಸಂಗೀತ ಈಚಿನವರು ಹಾಕಿದ್ದು. ಅದನ್ನು ಎತ್ತಿಕೊಳ್ಳಬೇಡಿ.

ಹತ್ತಿಕಾಳು

ಅದು ಮೂಕಿ ಸಿನಿಮಾ ಅಲ್ವಾ? ಅದರಲ್ಲಿ ದನಿ ಇಲ್ಲ, ರೇಡಿಯೋದಲ್ಲಿ ಚಿತ್ರ ಇಲ್ಲ. ಎರಡೂ ಕೂಡಿಸಿದರೆ ಉಳಿಯುವುದು ಏನು?

ಕುಂದಾಪ್ರಿಯೆ, ಬೆಳಗಾವಿ

ನಗಬೇಡಿ ಅಣ್ಣಾ, ನನಗೆ ಇದೇ ಹಿಡಿಸಿತು. ಊಟ ಮಾಡುತ್ತಾ ಒಂದು ಸಲ, ಕಣ್ಣು ಮುಚ್ಚಿಕೊಂಡು ಒಂದು ಸಲ ನೋಡಿದೆ. ಅಂದರೆ ನೆನಪಿನಲ್ಲೇ ಓಡಿಸಿದೆ. ಸುಮಾರು 14 ನಿಮಿಷದ ಸಿನಿಮಾ. ಕತ್ತರಿಸುವ ಕಷ್ಟವೇ ಇಲ್ಲ, ಬದಲಿಗೆ ಹಿಗ್ಗಿಸಬೇಕು.

ಕಥೆ ಇಷ್ಟು. ಖಗೋಳ ಪಂಡಿತರ ಸಭೆ. ದೊಡ್ಡ ಪಂಡಿತ "ಚಂದ್ರನ ಮೇಲೆ ಹೋಗೋಣ" ಎನ್ನುತ್ತಾನೆ, ಜಗಳ ಆಗುತ್ತದೆ. ಆರು ಜನ ಹೊರಡುತ್ತಾರೆ. ಕಮ್ಮಾರರು ಗುಂಡಿನಾಕಾರದ ಗೂಡು ಕಟ್ಟುತ್ತಾರೆ. ಅದನ್ನು ಭಾರೀ ತೋಪಿನಲ್ಲಿ ತುಂಬಿ ಹಾರಿಸುತ್ತಾರೆ. ಹೋಗಿ ಚಂದ್ರನ ಕಣ್ಣಿಗೇ ಚುಚ್ಚುತ್ತದೆ. ಅಲ್ಲಿ ಮಲಗುತ್ತಾರೆ, ಹಿಮ ಬೀಳುತ್ತದೆ, ಗುಹೆಗೆ ಇಳಿಯುತ್ತಾರೆ. ದೊಡ್ಡ ದೊಡ್ಡ ಅಣಬೆ. ನೆಲಕ್ಕೆ ಊರಿದ ಛತ್ರಿಯೂ ಅಣಬೆಯಾಗಿ ಬೆಳೆಯುತ್ತದೆ. ಚಂದ್ರಲೋಕದವರು ಕುಪ್ಪಳಿಸುತ್ತಾ ಬರುತ್ತಾರೆ. ಛತ್ರಿಯಿಂದ ಹೊಡೆದರೆ ಹೊಗೆಯಾಗಿ ಸಿಡಿಯುತ್ತಾರೆ. ಪಂಡಿತರನ್ನು ಹಿಡಿದು ರಾಜನ ಮುಂದೆ ನಿಲ್ಲಿಸುತ್ತಾರೆ, ಅಲ್ಲಿಂದ ತಪ್ಪಿಸಿಕೊಂಡು ಗೂಡನ್ನು ಚಂದ್ರನ ಅಂಚಿನಿಂದ ಕೆಳಗೆ ಕೆಡವುತ್ತಾರೆ. ಸಮುದ್ರಕ್ಕೆ ಬೀಳುತ್ತದೆ. ಗೂಡಿಗೆ ಜೋತುಬಿದ್ದ ಒಬ್ಬ ಚಂದ್ರಲೋಕದವನೂ ಜೊತೆಗೆ ಬಂದಿರುತ್ತಾನೆ. ಕೊನೆಗೆ ಮೆರವಣಿಗೆ.

ಕಮ್ಮಾರರ ಸುತ್ತಿಗೆ, ತೋಪು, ಛತ್ರಿ, ಹೊಗೆ, ಸಮುದ್ರ. ಎಷ್ಟು ಸಪ್ಪಳ ಇದೆ ನೋಡಿ! ಸಿನಿಮಾದಲ್ಲಿ ಒಂದೂ ಕೇಳಿಸುವುದಿಲ್ಲ ಅಷ್ಟೇ. ಬರಹದ ಪಟ್ಟಿಯೂ ಇಲ್ಲ. ಆಗ ಪರದೆಯ ಪಕ್ಕ ಒಬ್ಬರು ನಿಂತು ಕಥೆ ಹೇಳುತ್ತಿದ್ದ ರೂಢಿ ಇತ್ತಂತೆ.

ಮಾಪನಪಟ್ಟಿ, ಬೆಳಗಾವಿ

ಫಿಸಿಕ್ಸ್ ಪಾಠ ಮಾಡುವವನು. ತೋಪು ಎಂದ ತಕ್ಷಣ ಮಲಿಕ್-ಎ-ಮೈದಾನ್ ನೆನಪಾಯಿತು. ಮೇಷ್ಟ್ರೇ, ನಿಮ್ಮೂರಿನದ್ದೇ, ಬಳಸಿಕೊಳ್ಳಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್, ಉದ್ದ ಸುಮಾರು 4.45 ಮೀಟರ್.

ಆದರೆ ಲೆಕ್ಕ ಕೇಳಿ. ಭೂಮಿಯಿಂದ ಬಿಡಿಸಿಕೊಳ್ಳಲು ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು. 4.45 ಮೀಟರ್ ಉದ್ದದೊಳಗೆ ಅಷ್ಟು ವೇಗ ಹಿಡಿಯಬೇಕಾದರೆ ಗೂಡು ತೋಪಿನಲ್ಲಿ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು. ಒಳಗಿದ್ದವರ ಮೈಮೇಲೆ ಭೂಮಿಯ ಎಳೆತದ 14 ಲಕ್ಷ ಪಟ್ಟು ಒತ್ತಡ. ಆರೂ ಪಂಡಿತರು ಶೇಂಗಾ ಚಟ್ನಿ. ಮೇಲಾಗಿ ಚಂದ್ರನಲ್ಲಿ ಗಾಳಿ ಇಲ್ಲ, ಶಬ್ದವೂ ಇಲ್ಲ, ಹಿಮವೂ ಬೀಳುವುದಿಲ್ಲ. ಇದನ್ನು ವಿಜ್ಞಾನದ ನಾಟಕ ಅಂತ ಮಕ್ಕಳಿಗೆ ಕೇಳಿಸುತ್ತೀರಾ? 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದನ್ನು ಕಣ್ಣಾರೆ ಕಂಡ ಮಕ್ಕಳು ಅವರು.

ಹತ್ತಿಕಾಳು

ಶೇಂಗಾ ಚಟ್ನಿ 🤣

ಶೇರ್ಜಾ ಬುರ್ಜ್ ಹುಡುಗ, ವಿಜಯಪುರ

ಸರ್, ನಮ್ಮ ಮನೆ ಆ ತೋಪಿನ ಹತ್ತಿರವೇ. ಅಲ್ಲಿ ಪಕ್ಕದಲ್ಲಿ ನೀರಿನ ತೊಟ್ಟಿ ಇದೆ. ತೋಪಿಗೆ ಬೆಂಕಿ ಕೊಟ್ಟವನು ಕಿವಿ ಉಳಿಸಿಕೊಳ್ಳಲು ತಕ್ಷಣ ಆ ನೀರಿಗೆ ಹಾರಿ ಮುಳುಗುತ್ತಿದ್ದನಂತೆ. ಚಿಕ್ಕಂದಿನಿಂದ ಕೇಳಿದ ಕಥೆ. ನಾಟಕಕ್ಕೆ ಆಗುತ್ತದಾ?

ಕುಂದಾಪ್ರಿಯೆ, ಬೆಳಗಾವಿ

ಆಗುತ್ತದಾ ಅಂತ ಕೇಳುತ್ತೀಯಾ ತಮ್ಮಾ! ನಾನು ನಿನ್ನೆಯಿಂದ ಇದರಲ್ಲೇ ಒದ್ದಾಡುತ್ತಿದ್ದೆ.

ತೋಪಿನ ಶಬ್ದ ರೇಡಿಯೋದಲ್ಲಿ ಯಾವತ್ತೂ ಕೈಕೊಡುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಒಡೆದು ಹೋಗುತ್ತದೆ. ಮೊಬೈಲ್ ತಾನೇ ದನಿ ತಗ್ಗಿಸಿಕೊಳ್ಳುತ್ತದೆ, ಆಮೇಲಿನ ಪಿಸುಮಾತು ನುಂಗಿಹೋಗುತ್ತದೆ. ನೆಟ್ಟಿನಿಂದ ಇಳಿಸಿದ 'ಢಂ' ಹಾಕಿದರೆ ದೀಪಾವಳಿ ಪಟಾಕಿ ಆಗುತ್ತದೆ. ಕೇಳುವವರ ಮನೆಯ ಸಣ್ಣ ಸ್ಪೀಕರಿಗೆ 55 ಟನ್ನಿನ ತೋಪು ಹಿಡಿಸುವುದೂ ಇಲ್ಲ.

ಈಗ ಹೀಗೆ ಮಾಡೋಣ. ನಾವು ತೋಪಿನ ಕಡೆ ಇರುವುದು ಬೇಡ, ಬೆಂಕಿ ಕೊಡುವವನ ಕಿವಿಯಲ್ಲಿ ಇರೋಣ. ಬತ್ತಿ ಚುರ್ ಎಂದು ಹತ್ತುತ್ತದೆ. ಬರಿಗಾಲಿನ ಓಟ, ನಾಲ್ಕೇ ಹೆಜ್ಜೆ. ಧುಡುಂ ಎಂದು ನೀರಿಗೆ. ತಕ್ಷಣ ಎಲ್ಲ ಮಂಕು, ಗುಳ್ಳೆಗಳ ಸದ್ದು ಮಾತ್ರ. 400 ಹರ್ಟ್ಸ್ ಮೇಲಿನದ್ದೆಲ್ಲ ಕತ್ತರಿಸಿದರೆ ನೀರೊಳಗಿನ ಕಿವಿ ಸಿದ್ಧ. ಎರಡು ಸೆಕೆಂಡ್ ಕಾಯಿಸಿ ಆಮೇಲೆ ತೋಪು, ದೂರದಿಂದ ಯಾರೋ ಬಾಗಿಲು ದೂಡಿದಂತೆ ಒಂದೇ ಒಂದು 'ದುಮ್'. ಅವನು ತಲೆ ಎತ್ತುತ್ತಾನೆ, ನೀರು ಸುರಿಯುತ್ತದೆ. ಮೇಲೆ ಏನೂ ಇಲ್ಲ. ಹಕ್ಕಿ ಕೂಡ ಕೂಗುವುದಿಲ್ಲ.

ಬಾರಾಕಮಾನ್, ವಿಜಯಪುರ

ಓದುವಾಗಲೇ ಕಿವಿ ಮುಚ್ಚಿಕೊಂಡೆ!

ಹಾಗಾದರೆ ಗುಹೆಯ ಭಾಗ ಗೋಳಗುಮ್ಮಟದಲ್ಲೇ ರೆಕಾರ್ಡ್ ಮಾಡೋಣವಾ? ಪಿಸುಗುಟ್ಟಿದರೂ ಆ ಕಡೆ ಕೇಳುತ್ತದೆ, ಪ್ರತಿಧ್ವನಿ ಬಿಟ್ಟಿ.

ಕುಂದಾಪ್ರಿಯೆ, ಬೆಳಗಾವಿ

ಖಂಡಿತ ಬೇಡ. ಸಂರಕ್ಷಿತ ಸ್ಮಾರಕ, ಅನುಮತಿ ಬೇಕು. ಸಿಕ್ಕರೂ ಶಾಲೆಯ ಮಕ್ಕಳು ಸುಮ್ಮನಿರುತ್ತಾರಾ? ಅದೆಲ್ಲ ಆಮೇಲೆ. ದನಿಯಲ್ಲಿ ಒಮ್ಮೆ ಪ್ರತಿಧ್ವನಿ ಸೇರಿದರೆ ತೆಗೆಯಲು ಆಗುವುದಿಲ್ಲ. ಒಂದು ಮಾತು ಕತ್ತರಿಸಿದರೆ ಅದರ ಬಾಲ ಮುಂದಿನ ಮಾತಿಗೆ ಅಂಟಿಕೊಂಡಿರುತ್ತದೆ. ಮಾತನ್ನು ಒಣಗಿದ ಜಾಗದಲ್ಲಿ ಹಿಡಿಯಿರಿ, ಗುಮ್ಮಟವನ್ನು ನಾನು ಕಂಪ್ಯೂಟರಿನಲ್ಲಿ ಕಟ್ಟುತ್ತೇನೆ. ಕೋಣೆಯ ನಾಲ್ಕೂ ಕಡೆ ಕೌದಿ ನೇತುಹಾಕಿ. ಹಳೆಯ, ದಪ್ಪನೆಯ ಕೌದಿ. ಅದಕ್ಕಿಂತ ಒಳ್ಳೆಯ ಸ್ಟುಡಿಯೋ ಗೋಡೆ ಇಲ್ಲ.

ಬಾರಾಕಮಾನ್, ವಿಜಯಪುರ

ಕೌದಿ ಇವೆ. ಆದರೆ ಪಕ್ಕದಲ್ಲಿ ಹಿಟ್ಟಿನ ಗಿರಣಿ. ಹೋದ ಸಲದ ನಾಟಕದಲ್ಲಿ ನಾಯಕಿ ಕಣ್ಣೀರು ಹಾಕುವಾಗ ಹಿಂದೆ ಯಾರದೋ ಜೋಳ ಬೀಸುತ್ತಿತ್ತು. ಈ ಸಲ ಅಮಾವಾಸ್ಯೆ ದಿನ ನೋಡುತ್ತೇವೆ, ಗಿರಣಿ ಬಂದ್ ಇರುತ್ತದೆ.

ತೋಪು ಬಗೆಹರಿಯಿತು. "ನೋಡು ನೋಡು" ಮಾತ್ರ ಹಾಗೇ ಇದೆ. 1938ರ ಹಾಗೆ ವರದಿಗಾರನನ್ನು ತಂದರೆ ಟಿವಿ ಚಾನೆಲ್ ಅಣಕು ಆಗುತ್ತದೆ. ನಿರೂಪಕನನ್ನು ಇಟ್ಟರೆ ಪಾಠ ಓದಿದಂತೆ.

ಜಮಖಂಡಿ ಕಾಕಾ

ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ತಪ್ಪಿದ್ದರೆ ಅವಳದ್ದು.

ನಿಮ್ಮ ಮಾತೆಲ್ಲ ಓದಿಸಿಕೊಂಡು ಕೇಳಿದೆ. ಇಷ್ಟು ದೂರ ಅಮೆರಿಕಕ್ಕೆ ಯಾಕೆ ಹೋದಿರಿ? ನಾನು ದೊಡ್ಡಾಟದಲ್ಲಿ ಇಪ್ಪತ್ತು ವರ್ಷ ಸಾರಥಿ ಆಗಿದ್ದವನು. ಕಿರೀಟ, ಭುಜಕೀರ್ತಿ ಹಾಕಿಕೊಂಡು ರಾಜ ಕುಣಿಯುತ್ತಾ ಬರುತ್ತಾನೆ. ಅವನು ಯಾರು ಅಂತ ಕೂತವರಿಗೆಲ್ಲ ಗೊತ್ತು. ಆದರೂ ಸಾರಥಿ ಕೇಳಲೇಬೇಕು: ತಾವು ಯಾರು, ಯಾವ ದೇಶ, ಈ ಸಭೆಗೆ ಬಂದ ಕಾರಣ ಏನು? ಕೇಳಿದ ಮೇಲೇ ರಾಜ ತನ್ನ ಹೆಸರು, ತನ್ನ ಬಣ್ಣನೆ ಹೇಳಿಕೊಳ್ಳುವುದು. ಯಾರಿಗೂ ಅದು ಕೃತಕ ಅನಿಸಿದ್ದಿಲ್ಲ. ಸಾರಥಿಗೆ ಯಾರ ಹೆದರಿಕೆಯೂ ಇಲ್ಲ. ರಾಜನ ಮೀಸೆಗೂ ಚೇಷ್ಟೆ ಮಾಡುತ್ತಾನೆ.

ನಾನು ಹುಡುಗನಿದ್ದಾಗ ನಮ್ಮೂರಿನ ಆಟಕ್ಕೆ ಮೈಕ್ ಇರಲಿಲ್ಲ, ಎರಡು ಗ್ಯಾಸ್‌ಬತ್ತಿ ಅಷ್ಟೇ. ಹಿಂದೆ ಕೂತವರಿಗೆ ರಾಜನ ಕಿರೀಟ ಮಿಣುಕಿದ್ದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅರ್ಧ ಊರು ಆಟವನ್ನು ಕಿವಿಯಿಂದಲೇ ನೋಡುತ್ತಿತ್ತು.

ಕುಂದಾಪ್ರಿಯೆ, ಬೆಳಗಾವಿ

ಕಾಕಾ, ನಿಮ್ಮ ಕಾಲಿಗೆ ಬಿದ್ದೆ. ವರದಿಗಾರ ತಾನು ಕಂಡದ್ದನ್ನು ಹೇಳುತ್ತಾನೆ. ಸಾರಥಿ ಪಾತ್ರದ ಬಾಯಿಂದಲೇ ಹೇಳಿಸುತ್ತಾನೆ. ರೇಡಿಯೋಗೆ ಎರಡನೆಯದೇ ವಾಸಿ, ಯಾರು ಮಾತಾಡುತ್ತಿದ್ದಾರೆ ಅನ್ನುವ ಗೊಂದಲವೂ ಹೋಗುತ್ತದೆ. ಆರು ಪಂಡಿತರ ಆರು ದನಿ ಯಾರು ನೆನಪಿಟ್ಟುಕೊಳ್ಳುತ್ತಾರೆ? ಮೂರಕ್ಕೆ ಇಳಿಸಿ. ಒಬ್ಬ ಗಂಟಲಲ್ಲಿ, ಒಬ್ಬ ಮೂಗಲ್ಲಿ, ಒಬ್ಬ ಕೆಮ್ಮುತ್ತಾ.

ಮಾಪನಪಟ್ಟಿ ಸರ್, ನಿಮ್ಮ ತಕರಾರನ್ನೂ ಸಾರಥಿಗೇ ಕೊಡೋಣ. ಚಟ್ನಿ ಆಗುವುದಿಲ್ಲವಾ, ಗಾಳಿ ಇಲ್ಲದ ಕಡೆ ಹೇಗೆ ಮಾತಾಡುತ್ತೀರಿ ಅಂತ ಅವನೇ ಕೇಳಲಿ. ಪಂಡಿತರು ತಡವರಿಸಲಿ.

ಮಾಪನಪಟ್ಟಿ, ಬೆಳಗಾವಿ

ತಡವರಿಸಿದರೆ ಸಾಲದು, ಸರಿ ಉತ್ತರವೂ ಮಕ್ಕಳಿಗೆ ಸಿಗಬೇಕು. 3,84,400 ಕಿಲೋಮೀಟರ್ ದೂರ ಅಂತ ಒಂದು ಕಡೆಯಾದರೂ ಬರಲಿ. ಚಂದ್ರನ ಅಂಚಿನಿಂದ ಭೂಮಿಗೆ 'ಕೆಳಗೆ' ಬೀಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೇಲೆ ಕೆಳಗೆ ಅನ್ನುವುದು ಅಲ್ಲಿ ಎಲ್ಲಿಂದ ಬಂತು?

ಬಾರಾಕಮಾನ್, ವಿಜಯಪುರ

ರಾತ್ರಿ ಕೂತು ಶುರುವಿನ ತುಣುಕು ಬರೆದೆ. ಸಾರಥಿಗೆ ನಮ್ಮ ಮಾತು, ಪಂಡಿತರಿಗೆ ದೊಡ್ಡಾಟದ ಮಾತು.

ಸಾರಥಿ: ಭಲಾ! ಯಾರ್ರೀ ಇವರು? ಕೈಯಾಗ ಛತ್ರಿ, ತಲಿ ಮ್ಯಾಲ ಗೋಪುರದಂಥಾ ಟೊಪಗಿ. ಮಳಿ ಇಲ್ಲ, ಮಾಡ ಇಲ್ಲ, ಛತ್ರಿ ಯಾಕ್ರೀ?

ದೊಡ್ಡ ಪಂಡಿತ: ಎಲೈ ಸಾರಥಿ! ನಾವು ಖಗೋಳ ಪಂಡಿತರು. ಚಂದ್ರಲೋಕಕ್ಕೆ ಹೊರಟು ನಿಂತಿರುವಂಥವರು!

ಸಾರಥಿ: ಚಂದ್ರಲೋಕಕ್ಕ? ಎಷ್ಟು ಗಂಟೇದ ಬಸ್ಸಿಗೆ?

ದೊಡ್ಡ ಪಂಡಿತ: ಬಸ್ಸಲ್ಲವೋ ಮೂಢಾ! ತೋಪಿನ ಬಾಯಿಯಲ್ಲಿ ಕುಳಿತು!

ಸಾರಥಿ: ತೋಪಿನ ಬಾಯಾಗ ಕುಂತವರು ಮ್ಯಾಲ ಹೋಗೂದು ಖರೇನ ಬಿಡ್ರಿ. ತಿರುಗಿ ಬಂದವರನ್ನ ನಾ ನೋಡಿಲ್ಲ.

ಹೆಂಡತಿ ನಕ್ಕಳು. ಎರಡು ಸಲ.

ಜಮಖಂಡಿ ಕಾಕಾ

'ಎಲೈ ಸಾರಥಿ' ಆದ ಮೇಲೆ ಒಂದು ಹೆಜ್ಜೆ ಕುಣಿತದ ಜಾಗ ಬಿಡು. ಗೆಜ್ಜೆ ಕೇಳಲಿ. ಉಳಿದದ್ದು ಚಲೋ ಇದೆ.

ಖಡಕ್ ರೊಟ್ಟಿ

ಚಂದ್ರಲೋಕದವರು ಸಿಡಿಯುವುದಕ್ಕೆ ನನ್ನ ಹೆಸರಿನದ್ದೇ ಬಳಸಿ. ಒಣ ರೊಟ್ಟಿಯನ್ನು ಮೈಕಿನ ಹತ್ತಿರ ಮುಷ್ಟಿಯಲ್ಲಿ ಹಿಂಡಿ, ಹಿಂದೆಯೇ ಬಾಯಿಂದ 'ಫೂ'. ಹೆಜ್ಜೆ ಸಪ್ಪಳಕ್ಕೆ ಕಾರ್ನ್‌ಫ್ಲೋರ್ ಪ್ಯಾಕೆಟ್ ಹಿಸುಕಿ. ಹಿಮದ ಮೇಲೆ ನಡೆಯುವ ಕರಕರ ಸದ್ದನ್ನು ಸಿನಿಮಾದವರೂ ಹಾಗೇ ಮಾಡುತ್ತಾರೆ. ಜೋಳದ ಹಿಟ್ಟಿಗೆ ಆ ಸದ್ದು ಬರಲ್ಲ, ನೋಡಿದ್ದೇನೆ, ಅವ್ವನ ಕೈಲಿ ಬೈಸಿಕೊಂಡೂ ಆಗಿದೆ.

ಕುಂದಾಪ್ರಿಯೆ, ಬೆಳಗಾವಿ

ಚಂದ್ರಲೋಕದವರ ಭಾಷೆ ಯಾವುದು ಎಂದು ಯಾರೂ ಕೇಳಲಿಲ್ಲ. ನನ್ನದು ಒಂದು ಆಸೆ: ಚೌಡಿಕೆ. 1951ರ ಆ ಸಿನಿಮಾಕ್ಕೆ ಸಂಗೀತ ಕೊಟ್ಟ ಬರ್ನಾರ್ಡ್ ಹರ್ಮನ್ ತೆರಮಿನ್ ಎಂಬ ವಿದ್ಯುತ್ ವಾದ್ಯ ಬಳಸಿದ್ದ. 1938ರ ರೇಡಿಯೋ ನಾಟಕದ ಸಂಗೀತವೂ ಅವನ ಕೈಯಲ್ಲೇ ಇತ್ತು. ತೆರಮಿನ್‌ನ ಗುಣ ಏನೆಂದರೆ ಸ್ವರದಿಂದ ಸ್ವರಕ್ಕೆ ಜಾರುವುದು. ನಮ್ಮ ಚೌಡಿಕೆಯ ತಂತಿ ಎಳೆದು ಬಿಟ್ಟಾಗಲೂ ದನಿ ಹಾಗೇ ಬಾಗುತ್ತದೆ, ಯಾರೋ ಮಾತಾಡಿದಂತೆ.

ಹತ್ತಿಕಾಳು

ಅಕ್ಕಾ, ಅದು ಸವದತ್ತಿ ಎಲ್ಲಮ್ಮನ ಪದದ ವಾದ್ಯ. ಛತ್ರಿ ಏಟಿಗೆ ಸಿಡಿಯುವ ಜೀವಿಗಳಿಗೆ ಅದನ್ನು ಹಚ್ಚಿದರೆ ನಮ್ಮ ಮನೆಯಲ್ಲಿ ರೇಡಿಯೋ ಬಂದ್ ಮಾಡುತ್ತಾರೆ. ನಾನು ತಮಾಷೆ ಮಾಡುತ್ತಿಲ್ಲ.

ಕುಂದಾಪ್ರಿಯೆ, ಬೆಳಗಾವಿ

ಅದು ಹೊಳೆದಿರಲಿಲ್ಲ. ಯೋಚಿಸಬೇಕು.

ಬಾರಾಕಮಾನ್, ವಿಜಯಪುರ

ಹೆಂಡತಿಯ ಪರವಾಗಿ ಬರೆಯುತ್ತಿದ್ದೇನೆ. ಅವಳಿಗೆ ಕೊನೆಯ ಮೆರವಣಿಗೆ ಹಿಡಿಸಿಲ್ಲ. "ಅವರ ಊರಿಗೆ ಹೋಗಿ, ಅವರನ್ನೇ ಹೊಡೆದು, ಒಬ್ಬನನ್ನು ಎಳೆದು ತಂದು ಕುಣಿಸುವುದು ಏನು ಶೂರತನ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳೇ ಹೇಳಿದಳು: ಮೆರವಣಿಗೆ ನಡುವೆ ಸಾರಥಿ ಎಲ್ಲರನ್ನೂ ನಿಲ್ಲಿಸಲಿ. ಬಂದವರನ್ನೆಲ್ಲ ಹೆಸರು ಕೇಳಿದವನು, ಚಂದ್ರಲೋಕದವನನ್ನು ಇನ್ನೂ ಕೇಳಿಲ್ಲವಲ್ಲ? "ನೀವು ಯಾರಪಾ? ಯಾ ಊರು? ಬಂದ ಕಾರಣ ಏನು?" ಅಂತ ಕೇಳಲಿ.

ಅಲ್ಲಿ ಅವನು ಉತ್ತರ ಕೊಡಬೇಕು. ಏನು ದನಿ ಅಂತ ಗೊತ್ತಿಲ್ಲ.

ಹತ್ತಿಕಾಳು

ಅಲ್ಲಿಗಾದರೆ ಚೌಡಿಕೆ ಹಾಕಿ. ಒಂದೇ ಸಲ, ಅಲ್ಲಿ ಮಾತ್ರ. ಆಗ ಮನೆಯಲ್ಲಿ ಬಂದ್ ಮಾಡಲ್ಲ.

ಕುಂದಾಪ್ರಿಯೆ, ಬೆಳಗಾವಿ

ಒಪ್ಪಿದೆ. ಅದಕ್ಕೆ ಮೊದಲು ನಾಟಕದಲ್ಲಿ ಎಲ್ಲೂ ತಂತಿವಾದ್ಯ ಬೇಡ. ಬರೀ ಹಲಗೆ, ಗೆಜ್ಜೆ.

ಶೇರ್ಜಾ ಬುರ್ಜ್ ಹುಡುಗ, ವಿಜಯಪುರ

ನೀರಿನ ಸದ್ದು ರೆಕಾರ್ಡ್ ಮಾಡಿದೆವು. 200 ಲೀಟರಿನ ಡ್ರಮ್ಮಿಗೆ ಒದ್ದೆ ಗೋಣಿಚೀಲ ಎತ್ತಿ ಹಾಕಿದ್ದು. ಮೊದಲ ಸಲ ಬಕೆಟ್ ಚೆಲ್ಲಿದಂತೆ ಬಂತು. ಚೀಲಕ್ಕೆ ಎರಡು ಕಲ್ಲಂಗಡಿ ತುಂಬಿದ ಮೇಲೆ ಮನುಷ್ಯ ಬಿದ್ದ ಹಾಗೇ ಆಯಿತು. ಒಂದು ಕಲ್ಲಂಗಡಿ ಒಡೆಯಿತು, ತಿಂದೆವು. ಮೇಷ್ಟ್ರ ಮೊಬೈಲ್ ನೆನೆದಿದೆ, ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಾರೆ, ಅದಕ್ಕೆ ಅವರು ಇಲ್ಲಿ ಕಾಣುತ್ತಿಲ್ಲ.

ಮಾಪನಪಟ್ಟಿ, ಬೆಳಗಾವಿ

'ಕೆಳಗೆ' ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಜಮಖಂಡಿ ಕಾಕಾ

ಅದನ್ನು ಸಾರಥಿ ಕೇಳುತ್ತಾನೆ, ನೀವು ಪಂಡಿತರಾಗಿ ಬಂದು ಉತ್ತರ ಕೊಡಿ ಸರ. ಕೆಮ್ಮುವ ಪಂಡಿತನ ಪಾತ್ರ ಖಾಲಿ ಇದೆಯಂತೆ.

ಕುಂದಾಪ್ರಿಯೆ, ಬೆಳಗಾವಿ

ಅಮಾವಾಸ್ಯೆ ದಿನ ಬರುವವರೆಲ್ಲ ಛತ್ರಿ ತನ್ನಿ. ಗುಂಡಿ ಒತ್ತಿದರೆ ಬಿಚ್ಚುವ ಛತ್ರಿ ಬೇಡ, ಅದು 'ಟಪ್' ಎಂದು ಮುಗಿದುಹೋಗುತ್ತದೆ. ಮರದ ಹಿಡಿಯ ಹಳೆಯ ಕಪ್ಪು ಛತ್ರಿ ಯಾರ ಹತ್ತಿರವಾದರೂ ಇದೆಯಾ?

ಜಮಖಂಡಿ ಕಾಕಾ

ಇದೆ. ಒಂದು ಕಡ್ಡಿ ಮುರಿದಿದೆ, ಬಿಚ್ಚಿದರೆ ಕಿರ್ರ್ ಎನ್ನುತ್ತದೆ. ಬೆಳಗಿನ ಬಸ್ಸಿಗೆ ತರುತ್ತೇನೆ.